ಒಂಟಿಕೈಯವರ ಕಲ್ಲು

ಅಂದಿನ ದಿನಗಳಲ್ಲಿ ನಮ್ಮ ಮನೆಯ ಹೊತ್ತು ಕೆಲಸದಿಂದ ಕೆಲಸಕ್ಕೆ ಸರಿಯುತ್ತಿತ್ತು. ಗೋಡೆಯ ಮೇಲೆ ಗಡಿಯಾರ ಇತ್ತು. ಅದಕ್ಕೆ ಕೀಲಿ ಕೊಡುವವರು ಇರಲಿಲ್ಲ. ನಾನು ಹೇಳಹೊರಟಿರುವುದು ತಮಿಳರ ಮಾಸಿ ತಿಂಗಳ, ಶಿವರಾತ್ರಿಯ ಮಾರನೆಯ ಅಮಾವಾಸ್ಯೆಯ ದಿನದ ಮಾತು. ಅವತ್ತು ಬೆಳಿಗ್ಗೆ ಅವ್ವ ಎರಡು ಎಮ್ಮೆ ಕರೆದಳು. ಅಜ್ಜಿ ನೆನೆಸಿಟ್ಟ ಹತ್ತಿಬೀಜ ರುಬ್ಬಿ ಅವಕ್ಕೆ ಇಟ್ಟಳು. ಸರೋಜತ್ತೆ ಅಂಗಳ ಸಾರಿಸಿ, ರಂಗೋಲಿ ಎಳೆದು, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದಳು. ಅಯ್ಯ ಹೊಗೆಸೊಪ್ಪಿನ ಪಾತಿಗೆ ನೀರು ತಿರುಗಿಸಿ ಬಂದು ಬಾಳೆ ಎಲೆ ಕೊಯ್ದರು. ನಾನು ಚಾಪೆಯ ಮೇಲೆ ಒಣಹಾಕಿದ ಮೆಣಸಿನಕಾಯಿಗೆ ಕೋಳಿ ಬಾರದ ಹಾಗೆ ಕೋಲು ಹಿಡಿದು ಕೂತೆ. ದೇವರಿಗೆ ಎಡೆ ಇಡುವವರೆಗೆ ಯಾರೂ ಏನೂ ತಿನ್ನುವ ಹಾಗಿರಲಿಲ್ಲ. ಅವ್ವ ಮಾತ್ರ ನನ್ನ ಲಂಗದ ಮಡಿಲಿಗೆ ಒಂದು ಹಿಡಿ ಕಡಲೆಕಾಯಿ ಹಾಕಿ ಹೋದಳು. ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಮಧ್ಯಾಹ್ನ ಅಜ್ಜಿಯೂ ಸರೋಜತ್ತೆಯೂ ಹೋಗಿ ದೇವರ ಕಲ್ಲನ್ನು ತೊಳೆದರು. ಸಂಜೆ ಎಮ್ಮೆ ಕರೆಯುವ ಹೊತ್ತಿಗೆ ಸರೋಜತ್ತೆಯ ಮದುವೆ ನಿಂತ ಹಾಗೇ ಆಗಿತ್ತು.

ಸರೋಜತ್ತೆ ನಮ್ಮ ಅಯ್ಯನ, ಅಂದರೆ ಅಪ್ಪನ, ತಂಗಿ. ನಮ್ಮ ಊರು ಪಲ್ಲಡದಿಂದ ದಕ್ಷಿಣಕ್ಕೆ. ಈಗ ಅದು ತಿರುಪ್ಪೂರು ಜಿಲ್ಲೆ, ಆಗ ಎಲ್ಲವೂ ಕೊಯಮತ್ತೂರೇ. ಊರೆಲ್ಲ ತಮಿಳು, ನಮ್ಮ ಮನೆಯೊಳಗೆ ಮಾತ್ರ ಕನ್ನಡ. ಆ ಕನ್ನಡವೂ ಎಂಥದ್ದು ಎಂದರೆ, ಮಾತಿನ ತುದಿಗೆ ತಮಿಳಿನವರ ಹಾಗೆ ‘ಂಗ’ ಸೇರಿಸದಿದ್ದರೆ ದೊಡ್ಡವರಿಗೆ ಮರ್ಯಾದೆ ಕೊಟ್ಟಂತೆ ಆಗುತ್ತಿರಲಿಲ್ಲ. ಬನ್ನಿಂಗ, ಕೂತ್ಕಳಿಂಗ, ಕಾಪಿ ಕುಡೀರಿಂಗ. ಕನ್ನಡದ ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ನಾನು ಕನ್ನಡ ಬರೆಯಲು ಕಲಿತದ್ದು ನಲವತ್ತು ದಾಟಿದ ಮೇಲೆ, ನಾವಿರುವ ಶರವಣಂಪಟ್ಟಿಯ ಕಟ್ಟಡಕ್ಕೆ ಬಾಡಿಗೆಗೆ ಬಂದ ಹಾಸನದ ಕಡೆಯವರೊಬ್ಬರು ಕಲಿಸಿದಾಗ.

ನಮ್ಮ ಕಡೆ ಹೆಸರಿನ ಮುಂದೆ ತಂದೆಯ ಹೆಸರಿನ ಒಂದಕ್ಷರ ಹಾಕಿದರೆ ಮುಗಿಯಿತು, ಮನೆತನದ ಹೆಸರು ಬರೆಯುವ ರೂಢಿಯಿಲ್ಲ. ಆದರೆ ಹೆಣ್ಣು ಕೊಟ್ಟು ತರುವಾಗ ಅದು ಬೇಕೇ ಬೇಕು. ಒಂದೇ ಮನೆತನದವರು ಪಂಗಾಳಿಗಳು, ಅಂದರೆ ದಾಯಾದಿಗಳು. ಎಷ್ಟು ತಲೆ ಹಿಂದಕ್ಕೆ ಹೋದರೂ ಅಣ್ಣ ತಂಗಿಯೇ. ನಮ್ಮ ಮನೆತನದ ಹೆಸರು ಒಂಟಿಕೈಯವರು. ಮೇಲ್ನಾಡಿನ, ಅಂದರೆ ಘಟ್ಟದ ಮೇಲಿನ ಕನ್ನಡ ಸೀಮೆಯ, ರಾಜನೊಬ್ಬನ ಕುದುರೆ ದಂಡಿನಲ್ಲಿ ನಮ್ಮ ಮೂಲಪುರುಷ ಇದ್ದನಂತೆ. ಯುದ್ಧದಲ್ಲಿ ಒಂದು ಕೈ ಹೋಯಿತಂತೆ. ಉಳಿದ ಒಂದೇ ಕೈಯಲ್ಲಿ ಕತ್ತಿ ಎತ್ತಿಕೊಂಡು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ದಿಂಬಂ ಘಾಟಿ ಇಳಿದು ಬಂದನಂತೆ. ಯಾವ ರಾಜ ಎಂದು ಕೇಳಿದರೆ ಅಯ್ಯ ರೇಗುತ್ತಿದ್ದರು. “ರಾಜ ಅಂದ್ರೆ ರಾಜ. ನಿನ್ಗೇನು ಅವ್ನ ಮನೆಗೆ ಸೊಸೆಯಾಗಿ ಹೋಗ್ಬೇಕಾ?”

ಆ ಮೂಲಪುರುಷನೇ ನಮ್ಮ ಹೊಲದ ಮೂಲೆಯಲ್ಲಿ ಬೇವಿನ ಮರದಾಚೆಗಿದ್ದ ಕಲ್ಲು. ಎದೆಮಟ್ಟದ ಕಂಬ. ಅದರ ಪಕ್ಕದಿಂದ ಒಂದು ಕೈ ಹೊರಟು ಮೇಲಕ್ಕೆ ಚಾಚಿತ್ತು. ಕಂಬದ ಬುಡದಿಂದ ಆ ಕೈಯ ಬೆರಳುಗಳವರೆಗೆ ವೇಷ್ಟಿ, ಅಂದರೆ ಪಂಚೆ, ಸುತ್ತಿರುತ್ತಿದ್ದರು. ಮೇಲ್ಗಡೆ ಬೆಳ್ಳಿಯ ಕಣ್ಣು, ಬೆಳ್ಳಿಯ ಮೀಸೆ ಅಂಟಿಸಿದ್ದರು. ಎಣ್ಣೆ ಮಸಿ ಹಿಡಿದು ಹಿಡಿದು ಕಲ್ಲು ಎಂಬುದು ಒಂದು ಕಪ್ಪು ಮುದ್ದೆಯಾಗಿತ್ತು. ಹೊಸ ವೇಷ್ಟಿ ಕಟ್ಟಲು ಒಂದು ಕ್ರಮವಿತ್ತು. ಹಳೆಯದರ ಮೇಲೆಯೇ ಹೊಸದನ್ನು ಸುತ್ತಿ, ಆಮೇಲೆ ಒಳಗಿನಿಂದ ಹಳೆಯದನ್ನು ಮೆಲ್ಲಗೆ ಎಳೆದು ತೆಗೆಯಬೇಕು. ಕಲ್ಲು ಒಂದು ಗಳಿಗೆಯೂ ಬೆತ್ತಲಾಗಬಾರದು. ದಂಡಿನ ಗಂಡಸು, ಸಿಟ್ಟು ಜಾಸ್ತಿ ಎಂದು ಹೆಂಗಸರು ಬೇವಿನ ಮರ ದಾಟುವ ಹಾಗಿರಲಿಲ್ಲ. ಹೊಗೆಸೊಪ್ಪಿನ ಸುರುಟು, ಸಾರಾಯಿ, ಕೋಳಿಸಾರು ಎಲ್ಲ ಅವನ ಎಲೆಗೆ. ತುದಿ ಪಡುವಣಕ್ಕೆ ಮಾಡಿ ಇನ್ನೊಂದು ಎಲೆ ಹಾಕಿ ಬರೀ ಬೆಂದ ಹುರುಳಿ, ಬೆಲ್ಲ ಇಡುತ್ತಿದ್ದರು. ಅದು ಯಾರಿಗೆ ಎಂದರೆ, ಅವನ ಕುದುರೆಗೆ. ನನಗೆ ಆ ಕುದುರೆ ಎಲೆಯೇ ಇಷ್ಟ. ಕುದುರೆ ಎಂದೂ ತಿನ್ನಲು ಬರಲಿಲ್ಲವಾದ್ದರಿಂದ ಬೆಲ್ಲ ಬೆರೆತ ಹುರುಳಿಯೆಲ್ಲ ನನಗೇ ಸಿಗುತ್ತಿತ್ತು.

ಆ ವರ್ಷ ಸರೋಜತ್ತೆಗೆ ಗಂಡು ಗೊತ್ತಾಗಿತ್ತು. ಅವಳಿಗೆ ಆಗಲೇ ಇಪ್ಪತ್ತಾರೋ ಏಳೋ. ನಮ್ಮ ಜನ ಚದುರಿ ಹೋದವರು. ಒಂದು ಕಡೆ ಜಾತಕ ಕೂಡಿದರೆ ಮನೆತನ ಒಂದೇ ಆಗಿರುತ್ತಿತ್ತು, ಮನೆತನ ಬೇರೆಯಾದರೆ ಜಾತಕ ಕೂಡುತ್ತಿರಲಿಲ್ಲ. ಅವ್ವ ಒಮ್ಮೊಮ್ಮೆ ಚುಚ್ಚುತ್ತಿದ್ದಳು, “ನಿನ್ ಕಲ್ಯಾಣ ಮುಗಿಸಿ ನಾನು ನನ್ ಮಗ್ಳಿಗೆ ನೋಡ್ಬೇಕಲ್ಲ, ಬೇಗ ಹೋಗು ತಾಯಿ.” ನಾನಾಗ ಮೂರನೇ ಕ್ಲಾಸು. ಅತ್ತೆ ನಗುತ್ತಿದ್ದಳು. “ಹೋದ್ರೆ ನಿಮ್ಮೆಮ್ಮೆ ಸಗಣಿ ಯಾರು ತೆಗೀತಾರೆ ಅತ್ತಿಗೆ?”

ಗಂಡಿನ ಹೆಸರು ದೊರೆಸಾಮಿ. ಮದುಕ್ಕರೈ ಹತ್ತಿರ ಅವರಿಗೆ ಜೋಳದ ಹೊಲ, ನಾಲ್ಕಾರು ತೆಂಗು. ಅವರ ಮನೆತನದ ಹೆಸರು ಕುದುರೆಯವರು. ನಾವು ಒಂಟಿಕೈಯವರು, ಅವರು ಕುದುರೆಯವರು. ಹೆಸರು ಬೇರೆಯಾದ ಮೇಲೆ ತಡೆ ಏನು? ಸಂಕ್ರಾಂತಿ ಬರುವ ತೈ ತಿಂಗಳಲ್ಲಿ ವೀಳ್ಯ ಬದಲಾಯಿಸಿ ಮಾತು ಗಟ್ಟಿ ಮಾಡಿದರು. ಆಮೇಲೆ ಅವನು ಏನಾದರೊಂದು ನೆಪ ಮಾಡಿ ಬರುತ್ತಿದ್ದ. ಬಂದರೆ ಮನೆಮುಂದಿನ ಜಗಲಿ, ತಿಣ್ಣೆಯ ಮೇಲೆ ಚಾಪೆ ಹಾಸಿ ಕೂರಿಸುತ್ತಿದ್ದರು. ನನಗೆ ಕಾಗದದಲ್ಲಿ ಸುತ್ತಿದ ಜೇನುಮಿಠಾಯಿ ತರುತ್ತಿದ್ದ. ನಾನು ಅವನನ್ನು ಮಾವ ಎನ್ನುತ್ತಿದ್ದೆ.

“ನಿಮ್ಮತ್ತೆ ಮಾತಾಡ್ತಾಳಾ, ಇಲ್ಲ ಮೂಗಿಯಾ?” ಎಂದು ಗಟ್ಟಿಯಾಗಿ ಕೇಳುತ್ತಿದ್ದ, ಒಳಗೆ ಕೇಳಲಿ ಎಂದು.

ಒಳಗಿನಿಂದ ಅತ್ತೆ ನನ್ನ ಕಿವಿಯಲ್ಲಿ ಹೇಳಿ ಕಳಿಸುತ್ತಿದ್ದಳು. ನಾನು ಓಡಿ ಹೋಗಿ ಒಪ್ಪಿಸುತ್ತಿದ್ದೆ, “ಕಿವುಡ್ರಿಗೆ ಮಾತಾಡಿ ಏನ್ ಪ್ರಯೋಜ್ನ ಅಂತ ಕೇಳ್ತಾಳೆ ಮಾವ.”

ಮಾತು ಗಟ್ಟಿಯಾದ ಹೆಣ್ಣು ಮದುವೆಯವರೆಗೆ ಗಂಡಿನ ಎದುರು ಬರುವ ಹಾಗಿಲ್ಲ. ನೀರಿನ ಚೊಂಬು, ಕಾಪಿ, ಕುಶಾಲು ಎಲ್ಲವನ್ನೂ ತಿಣ್ಣೆಗೂ ಅಡುಗೆಮನೆಗೂ ನಡುವೆ ಹೊತ್ತವಳು ನಾನೇ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದು ಒಂದೇ ಸಲ, ಹೆಣ್ಣು ನೋಡಲು ಬಂದ ದಿನ.

ಶಿವರಾತ್ರಿಯ ದಿನ ಅವರ ಮೂಲಪುರುಷನಿಗೆ ಪೂಜೆ, ಮಾರನೆಯ ದಿನ ಅಮಾವಾಸ್ಯೆ ನಮ್ಮವನಿಗೆ. ಆ ಸಲ ಶಿವರಾತ್ರಿಗೆ ನಮ್ಮನ್ನೂ ಕರೆದರು. ಅಜ್ಜಿ, ಅಯ್ಯ, ನಾನು ಮೂವರು ಹೊರಟೆವು. ಕೊಯಮತ್ತೂರಿನ ಗಾಂಧಿಪುರದಲ್ಲಿ ಬಸ್ಸು ಬದಲಾಯಿಸುವಾಗ ಅಜ್ಜಿ, ಮಗಳು ಸೊಸೆಯಾಗಿ ಹೋಗುವ ಮನೆಗೆಂದು ಎರಡು ಮೊಳ ಹೆಚ್ಚಿಗೇ ಮಲ್ಲಿಗೆ ಕೊಂಡಳು. ಮದುಕ್ಕರೈಯಲ್ಲಿ ಇಳಿದಾಗ ನನಗೆ ಕಂಡದ್ದು ಸುಣ್ಣಕಲ್ಲಿನ ಬಿಳಿ ಗುಡ್ಡ. ಅಲ್ಲಿಂದ ಹೊಲದ ಬದುವಿನ ಮೇಲೆ ನಡೆದೆವು.

ಅವರ ಕಲ್ಲು ಚಪ್ಪಟೆ. ಅದಕ್ಕೆ ಬಟ್ಟೆ ಸುತ್ತಿರಲಿಲ್ಲ. ಕುದುರೆ ಏರಿ ಕತ್ತಿ ಹಿಡಿದ ಗಂಡಸು, ಕೆಳಗೆ ದನಗಳು, ನನ್ನಂಥವಳಿಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಎಡೆಯ ಅನ್ನ ಪಂಗಾಳಿಗಳಿಗೆ ಮಾತ್ರ. ನಾವು ಹೆಣ್ಣಿನ ಕಡೆಯವರು ಹಗ್ಗ ಕಟ್ಟಿದ ಈಚೆಗೆ ನಿಂತಿದ್ದೆವು. ದೊರೆಸಾಮಿಯ ತಾಯಿ ಚಿನ್ನಮ್ಮ ಅಜ್ಜಿಯ ಪಕ್ಕದಲ್ಲಿ ನಿಂತು ಎಲ್ಲ ವಿವರಿಸುತ್ತಿದ್ದಳು. ದಪ್ಪ ಹೆಂಗಸು, ಮಾತಿಗೊಮ್ಮೆ ನಗು.

“ಈ ವರ್ಷ ನಿಂತು ನೋಡಿಂಗ ಸಂಬಂಧಿ. ಮುಂದಿನ್ ವರ್ಷ ನಿಮ್ ಮಗ್ಳು ಹಗ್ಗದ ಆಚೆ ಕೂತು ತಿನ್ತಾಳೆ, ನಿಮ್ಗೆ ಬಾಯಲ್ಲಿ ನೀರು.”

“ಅವ್ಳು ತಿಂದ್ರೆ ನಾ ತಿಂದಂಗೇ ಬಿಡೀಂಗ,” ಎಂದಳು ಅಜ್ಜಿ. ಆಮೇಲೆ ಕೇಳಿದಳು, “ಆ ಎರಡ್ನೆ ಎಲೆ ಯಾರ್ಗುಂಗ?”

ಕುದುರೆಗಲ್ಲಿನ ಪಕ್ಕದಲ್ಲಿ ಅದೇ ಕಟ್ಟೆಯ ಮೇಲೆ ಒಂದು ಚೌಕದ ಗುಳಿ ಇತ್ತು. ಅದರ ಮೇಲೆ ಎಲೆ ಹಾಸಿ, ಅರಿಶಿನ, ಬಳೆ, ಹೂವು ಇಟ್ಟಿದ್ದರು. ಎಲೆಯ ತುದಿ ಮೂಡಣಕ್ಕಿತ್ತು.

“ಅದಾ? ಅದು ಅಮ್ಮನ್ಗೆ. ಇವ್ನು ದನ ಬಿಡಿಸ್ಕಳಕ್ಕೆ ಹೋಗಿ ಸತ್ನಲ್ಲ, ಮಾರನೆ ದಿನ ಅವ್ಳು ಬೆಂಕಿಗೆ ಹೋದ್ಳಂತೆ. ಅವ್ಳ ಕಲ್ಲೂ ಇಲ್ಲೇ ಇತ್ತಂತೆ. ಮಕ್ಳು ಜಗಳ ಆಡ್ಕಂಡು ಬೇರೆ ಆದಾಗ ದೊಡ್ಡೋನು ಅಪ್ಪನ್ನ ಇಟ್ಕಂಡ, ಚಿಕ್ಕೋನು ಅಮ್ಮನ್ನ ಗಾಡೀಲಿ ಹಾಕ್ಕಂಡು ಹೋಗ್ಬಿಟ್ಟ.”

“ಎಲ್ಲಿಗೆ?”

“ಸೂರ್ಯ ಹುಟ್ಟೋ ಕಡೆ ಅಂತಾರೆ. ಯಾರ್ಗೆ ಗೊತ್ತು ಸಂಬಂಧಿ. ಬರ್ಲಿ ಅಂತ ವರ್ಷಾ ವರ್ಷಾ ಎಲೆ ಹಾಕ್ತೀವಿ.”

ಅಜ್ಜಿ ಆ ಎಲೆಯ ತುದಿ ಯಾವ ಕಡೆಗಿದೆ ಎಂದು ಮತ್ತೊಮ್ಮೆ ನೋಡಿದಳು. ಅವರು ತಿಣ್ಣೆಯ ಮೇಲೆ ಬೇರೆ ಬಡಿಸಿದ ಒಪ್ಪುಟ್ಟು, ಅದೇ ಒಬ್ಬಟ್ಟು, ತಿಂದಳು, ಚೆನ್ನಾಗಿದೆ ಎಂದಳು. ಹಿಂದಿರುಗುವಾಗ ಗಾಂಧಿಪುರದಲ್ಲಿ ಹತ್ತಿದ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತವಳು ಪಲ್ಲಡದವರೆಗೆ ಬಿಡಲಿಲ್ಲ. ಪಲ್ಲಡದಲ್ಲಿ ಇಳಿದು, ಅಯ್ಯನ ಹತ್ತಿರ ಒಂದು ಟೀ ಕೊಡಿಸು ಎಂದಳು. ಅವಳು ಎಂದೂ ಟೀ ಕುಡಿದವಳಲ್ಲ.

ಮಾರನೆಯ ದಿನ ನಾನು ಮೊದಲೇ ಹೇಳಿದ ಕೆಲಸಗಳೆಲ್ಲ ಮುಗಿದ ಮೇಲೆ, ಅಯ್ಯ ಹೊಸ ವೇಷ್ಟಿ ತೆಗೆದುಕೊಂಡು ಹೊರಟರು. ಅಜ್ಜಿ ಹಿಂದೆಯೇ ಹೊರಟಳು.

“ಇವತ್ತು ಹಳೇದು ಬಿಚ್ಚಿ, ತೊಳೆದು, ಆಮೇಲೆ ಹೊಸ್ದು ಕಟ್ಟಾದು,” ಎಂದಳು.

ಅಯ್ಯ ನಿಂತರು. “ಏನವ್ವ ಹೇಳ್ತೀಯಾ? ಯಾರೂ ಮಾಡ್ದೇ ಇರೋ ಕೆಲ್ಸ.”

“ಅವ್ರ ಅಮ್ಮನ್ ಎಲೆ ನಮ್ ಕಡೆ ನೋಡ್ತದೆ. ನಮ್ ಕುದುರೆ ಎಲೆ ಅವ್ರ ಕಡೆ ನೋಡ್ತದೆ. ಅವ್ರದ್ದು ನಿನ್ನೆ, ನಮ್ದು ಇವತ್ತು. ನನ್ಗೆ ನಿದ್ದೆ ಬರ್ಲಿಲ್ಲ.”

“ಎಲೆ ನೋಡಿ ಯಾರಾದ್ರೂ ಕಲ್ಯಾಣ ನಿಲ್ಲಿಸ್ತಾರಾ?”

“ಅದಕ್ಕೇ ಕಲ್ಲು ನೋಡಾನ ಅಂತೀನಿ. ಒಳಗೆ ಗಂಡಸಿದ್ರೆ ನಾನೇ ತಪ್ಪು ಕಾಣಿಕೆ ಕಟ್ತೀನಿ.”

ಅಯ್ಯ ವೇಷ್ಟಿಯನ್ನು ಅಜ್ಜಿಯ ಕೈಗಿಟ್ಟು, ಬೇವಿನ ಮರದ ಕೆಳಗೆ ಕಲ್ಲಿಗೆ ಬೆನ್ನು ಮಾಡಿ ಕೂತುಬಿಟ್ಟರು. ಬೆತ್ತಲೆ ಕಲ್ಲನ್ನು ನಾನು ನೋಡುವುದಿಲ್ಲ ಎಂದರು. ಅಜ್ಜಿಗೆ ಬಗ್ಗಿ ಉಜ್ಜುವ ಶಕ್ತಿಯಿರಲಿಲ್ಲ. ಅವ್ವ ನನಗೆ ಭಯ ಎಂದು ಮನೆಯಲ್ಲೇ ಉಳಿದಳು. ಉಳಿದವಳು ಸರೋಜತ್ತೆ. ಅವಳು ಬಿಸಿನೀರಿನ ಕೊಡ ಸೊಂಟದಲ್ಲಿಟ್ಟು, ಸೀಗೆಪುಡಿ, ಹುಣಸೆಹಣ್ಣಿನ ಕಿವುಚು ಹಿಡಿದು ಬೇವಿನ ಮರ ದಾಟಿದಳು. ತೆಂಗಿನ ನಾರು ಹಿಡಿದ ನಾನು ಹಿಂದೆ.

ವೇಷ್ಟಿಗಳು ಒಂದರ ಕೆಳಗೊಂದು ಸಿಕ್ಕವು. ಒಳಗಿನಿಂದ ಎಳೆದದ್ದು ಯಾವಾಗಲೂ ಪೂರ್ತಿ ಬಂದಿರಲಿಲ್ಲ. ಚೂರುಚೂರು ಎಣ್ಣೆಗೆ ಅಂಟಿಕೊಂಡು ತೊಗಟೆಯಾಗಿತ್ತು. ಅತ್ತೆ ಮೊದಲು ಬೆಳ್ಳಿ ಮೀಸೆ, ಕಣ್ಣು ಬಿಡಿಸಿ ನನ್ನ ಅಂಗೈಗೆ ಹಾಕಿದಳು. ಆಮೇಲೆ ನೀರು ಹೊಯ್ದು ಉಜ್ಜಿದಳು. ಕಪ್ಪು ನೀರು ಇಳಿಯಿತು. ಹಳೆಯ ಎಣ್ಣೆಯ ಮುಗ್ಗುಲು ವಾಸನೆ, ಹುಣಸೆಯ ಹುಳಿ ವಾಸನೆ. ಕಂಬ ಬರೀ ಕಂಬವೇ, ಮುಖವೇ ಇರಲಿಲ್ಲ. ಅವಳು ಕೈಗೆ ಬಂದಳು. ಬೆರಳು, ಬೆರಳ ನಡುವೆ ಒಂದು ನಿಂಬೆಹಣ್ಣು, ಅಂಗೈ, ಮಣಿಕಟ್ಟು. ಮಣಿಕಟ್ಟಿನಲ್ಲಿ ಅವಳ ಕೈ ನಿಂತಿತು. ಮತ್ತೆ ಸ್ವಲ್ಪ ಸೀಗೆಪುಡಿ ಹಾಕಿ ಉಜ್ಜಿದಳು. ಬೆರಳಿನಿಂದ ಸವರಿ ನೋಡಿದಳು.

“ಬಳೆ ಇದೆಯವ್ವ,” ಎಂದಳು.

ಅಜ್ಜಿ ಹತ್ತಿರ ಬಂದು ನೋಡಿದಳು. ಮೊಣಕೈಯವರೆಗೂ ಬಳೆ ಕೆತ್ತಿತ್ತು. ಬೆಂಕಿಗೆ ಹೋದ ಹೆಂಗಸಿಗೆ ನಿಲ್ಲಿಸುವ ಮಾಸ್ತಿಕಲ್ಲು ಅದು. ಚಿಕ್ಕ ಮಗ ಗಾಡಿಯಲ್ಲಿ ಹಾಕಿಕೊಂಡು ಹೋದ ಅಮ್ಮ ಇವಳೇ ಆದರೆ, ನಾವೂ ಮದುಕ್ಕರೈಯವರೂ ಪಂಗಾಳಿಗಳು. ತಲೆತಲಾಂತರದಿಂದ ನಾವು ಅವಳಿಗೆ ವೇಷ್ಟಿ ಉಡಿಸಿ, ಮೀಸೆ ಅಂಟಿಸಿ, ಸುರುಟು ಹಚ್ಚಿಟ್ಟು, ಹೆಂಗಸರು ಹತ್ತಿರ ಬಾರದ ಹಾಗೆ ನೋಡಿಕೊಂಡಿದ್ದೆವು. ಎತ್ತಿದ ಒಂದು ಕೈಯಿಂದಲೇ ನಮಗೆ ಒಂಟಿಕೈಯವರು ಎಂಬ ಹೆಸರು ಬಂದಿರಬೇಕು. ಕೈ ಕಳೆದುಕೊಂಡ ದಂಡಿನವನ ಕತೆಯನ್ನು ಆ ಹೆಸರಿಗೆ ಆಮೇಲೆ ಯಾರೋ ಕಟ್ಟಿದ್ದು.

ಅತ್ತೆ ಉಜ್ಜುವುದನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. ಕಂಬದ ಹಿಂಭಾಗವನ್ನೂ ತೊಳೆದಳು. ಕೊಡದಲ್ಲಿ ಉಳಿದ ನೀರನ್ನು ಬುಡಕ್ಕೆ ಹೊಯ್ದಳು. ಆಮೇಲೆ ಮನೆಗೆ ಹೋಗಿ ತನ್ನದೊಂದು ಸೀರೆ ತಂದು, ಅದನ್ನು ಕಲ್ಲಿಗೆ ಉಡಿಸಿದಳು. ಅಯ್ಯ ಆಗಲೂ ಈ ಕಡೆ ತಿರುಗಿರಲಿಲ್ಲ.

ಸಂಜೆ ಅಯ್ಯ, ಅಜ್ಜಿ ತಿಣ್ಣೆಯ ಮೇಲೆ ಮಾತಾಡಿದ್ದು ನನಗೆ ನೆನಪಿದೆ.

“ನಾವು ಹೇಳ್ದೇ ಇದ್ರೆ ಯಾರ್ಗೆ ಗೊತ್ತಾಗ್ತದವ್ವ? ವೇಷ್ಟಿ ಕಟ್ಟಿಬಿಟ್ರೆ ಮುಗೀತು.”

“ನನ್ಗೆ ಗೊತ್ತಾಯ್ತಲ್ಲ.”

“ಮತ್ತೆ ಗಂಡು ಎಲ್ಲಿ ಹುಡ್ಕಾದು? ಇನ್ನೊಂದು ವರ್ಷ ಹೋದ್ರೆ ಎರಡ್ನೆ ಸಂಬಂಧಕ್ಕೇ ಕೊಡ್ಬೇಕು.”

ಅಜ್ಜಿ ಒಳಗೆ ಕೂಗಿದಳು, “ಸರೋಜಾ, ನೀ ಏನ್ ಹೇಳ್ತೀಯಾ?”

ಅತ್ತೆ ಹಾಲು ಕಾಯಿಸುತ್ತಿದ್ದಳು. ಒಲೆಯ ಹತ್ತಿರದಿಂದಲೇ ಹೇಳಿದಳು, “ನಾನೇ ತೊಳೆದ್ನಲ್ಲವ್ವ. ನೋಡ್ಲಿಲ್ಲ ಅಂತ ಹೆಂಗೆ ಹೇಳ್ಲಿ?”

ಅಯ್ಯ ಹೋಗಿ ಮದುಕ್ಕರೈಯವರಿಗೆ ತಿಳಿಸಿ ಬಂದರು. ಅದಾದ ಎರಡು ದಿನಕ್ಕೆ ದೊರೆಸಾಮಿ ಒಬ್ಬನೇ ಬಂದ. ಮಿಠಾಯಿ ತಂದಿರಲಿಲ್ಲ. ತಿಣ್ಣೆಯ ಮೇಲೆ ಕೂರಲಿಲ್ಲ. ಅಂಗಿಯ ಜೇಬಿನಿಂದ ಗೋಣಿ ಹೊಲಿಯುವ ದಾರ ತೆಗೆದು ಅಯ್ಯನಿಗೆ ತೋರಿಸಿದ. ಅವರ ಕಟ್ಟೆಯ ಗುಳಿಯ ಉದ್ದಕ್ಕೆ ಒಂದು ಗಂಟು, ಅಗಲಕ್ಕೆ ಒಂದು ಗಂಟು ಹಾಕಿಕೊಂಡು ಬಂದಿದ್ದ.

“ನಿಮ್ ಕಲ್ಲಿನ ಬುಡ ಇದ್ಕೆ ಕೂಡ್ಲಿಲ್ಲ ಅಂದ್ರೆ ಯಾವ್ದೋ ಬೇರೆ ಅಮ್ಮ. ಊರ್ಗೊಂದು ಮಾಸ್ತಿಕಲ್ಲು ಇರ್ತದೆ,” ಎಂದ. ಅವನು ಅದನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದವನಂತಿದ್ದ.

ಅಯ್ಯ ಹಾರೆಯಿಂದ ಕಲ್ಲಿನ ಬುಡದ ಮಣ್ಣು ಬಿಡಿಸಿದರು. ದೊಡ್ಡ ಕಂಬದ ಅಡಿಯಲ್ಲಿ, ಗುಳಿಯೊಳಗೆ ಕೂರಲೆಂದು ಸಣ್ಣದಾಗಿ ಕಡಿದ ಚೌಕದ ಕಾಲು ಕಂಡಿತು. ದೊರೆಸಾಮಿ ಮಣ್ಣಿನಲ್ಲಿ ಮಂಡಿಯೂರಿ ದಾರ ಇಟ್ಟ. ಉದ್ದ ಸರಿಹೋಯಿತು. ಅಗಲಕ್ಕೆ ಇಟ್ಟ. ಅದೂ ಸರಿಹೋಯಿತು.

“ಇನ್ನೊಂದ್ಸಲ ನೋಡಪ್ಪ,” ಎಂದರು ಅಯ್ಯ.

ಅವನು ಆಚೆ ಬದಿಗೆ ಹೋಗಿ ಇಟ್ಟ. ದಾರ ಬೇರೆಯದೇನನ್ನೂ ಹೇಳಲಿಲ್ಲ. ಅವನು ಅದನ್ನು ಬೆರಳಿಗೆ ಸುತ್ತಿ ಸುತ್ತಿ ಜೇಬಿಗೆ ಹಾಕಿಕೊಂಡ. ಮಂಡಿಯ ಮಣ್ಣು ಕೊಡವಿದ. ಮನೆಯ ಅಂಗಳಕ್ಕೆ ಬಂದು, “ಸ್ವಲ್ಪ ನೀರು,” ಎಂದ.

ನಾನು ಎಂದಿನಂತೆ ಚೊಂಬು ತರಲು ಒಳಗೆ ಓಡಿದೆ. ಅತ್ತೆ ಆಗಲೇ ಚೊಂಬು ತುಂಬಿ ಹಿಡಿದಿದ್ದಳು. ನನಗೆ ಕೊಡಲಿಲ್ಲ. ತಾನೇ ಹೊಸ್ತಿಲು ದಾಟಿ ಹೋಗಿ ಅವನ ಕೈಗೆ ಕೊಟ್ಟಳು. ಅಣ್ಣನಿಗೆ ತಂಗಿ ನೀರು ಕೊಡಲು ಯಾರ ಅಡ್ಡಿಯೂ ಇಲ್ಲ. ಅವನು ಕುಡಿದ. ಚೊಂಬು ಹಿಂದೆ ಕೊಟ್ಟ. ಇಬ್ಬರೂ ಒಂದು ಅಂಗಳದಲ್ಲಿ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು.

“ಮಾವ, ಊಟ ಮಾಡ್ಕಂಡು ಹೋಗಿ,” ಎಂದೆ ನಾನು.

ಅಜ್ಜಿ ಮುದ್ದಿನಿಂದ ತಿದ್ದಿದಳು, “ಚಿಕ್ಕಪ್ಪ ಅನ್ನು ಕಣ್ಣು.”

ನಾನು ಹಾಗೇ ಅಂದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು, “ಆಮಾ, ಹೌದು, ಚಿಕ್ಕಪ್ಪನೇ,” ಎಂದು ಹೇಳಿ ಒಳಗೆ ಬಂದ. ತಿಣ್ಣೆಯ ಚಾಪೆಯ ಬದಲು ಅಡುಗೆಮನೆಯ ನೆಲದ ಮೇಲೆ ಕೂತು ಉಂಡ. ಮನೆಯವರು ಕೂರುವ ಜಾಗ ಅದು.

ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಅಳು, ರಂಪ ಏನೂ ಆಗಲಿಲ್ಲ. ಅದೇ ನನಗೆ ಈಗ ವಿಚಿತ್ರವಾಗಿ ಕಾಣುತ್ತದೆ. ಅತ್ತೆ ಹೊಗೆಸೊಪ್ಪು ಕೊಯ್ಯಲು ಹೋದಳು, ಮೆಣಸಿನಕಾಯಿ ಕುಟ್ಟಿದಳು, ನನ್ನ ಜೊತೆ ಹುಣಸೆಬೀಜ ಹಾಕಿ ಅಳಗುಳಿಮಣೆ ಆಡಿದಳು. ಆಟದಲ್ಲಿ ಮೊದಲು ಅವಳು ನನಗೆ ಮೋಸ ಮಾಡಿ ಗೆಲ್ಲುತ್ತಿದ್ದಳು; ಈಗ ನಾನು ಮೋಸ ಮಾಡಿದರೂ ಗಮನಿಸುತ್ತಿರಲಿಲ್ಲ. ತಾಟಿನುಂಗು ಬಂದಾಗ ಸುಲಿದು ಎಲ್ಲವನ್ನೂ ನನಗೇ ಕೊಡುತ್ತಿದ್ದಳು. ನಿನಗೆ ಬೇಡವಾ ಎಂದರೆ, ತಿಂದೆ ಎನ್ನುತ್ತಿದ್ದಳು.

ಮತ್ತೆ ಮದುವೆ ಮುಹೂರ್ತಗಳು ಬರುವ ಆವಣಿ ತಿಂಗಳಿಗೆ ಸ್ವಲ್ಪ ಮುಂಚೆ ಚಿನ್ನಮ್ಮ ಬಂದಳು. ದೊರೆಸಾಮಿಗೆ ಕಾರಮಡೈ ಕಡೆ ಹೆಣ್ಣು ಗೊತ್ತಾಗಿತ್ತು. ಕುಂಕುಮದ ತಟ್ಟೆ ಅಜ್ಜಿಯ ಮುಂದಿಟ್ಟು, ಈ ಸಲ ನಗದೆ ಕೂತಳು. ಈಗ ಸಂಬಂಧಿ ಎನ್ನಲಿಲ್ಲ, ಅಕ್ಕ ಎಂದಳು.

“ನನ್ಗೆ ಒಬ್ನೇ ಮಗ, ಹೆಣ್ಮಕ್ಳಿಲ್ಲ ಅಂತ ನಿಮ್ಗೆ ಗೊತ್ತುಂಗಕ್ಕ. ತಾಳಿಗೆ ನಾದಿನಿ ಗಂಟು ಹಾಕ್ಬೇಕು. ಪಂಗಾಳೀಲಿ ಈಗ ಇವ್ಳೂ ತಂಗೀನೇ. ಬೇರೆಯೋರ್ನ ಕರೆದ್ರೆ, ಇವ್ಳನ್ನ ಇನ್ನೂ ಕಲ್ಯಾಣದ ಹೆಣ್ಣು ಅಂತ್ಲೇ ನೋಡ್ತಾರೆ ಅಂತ ಜನ ಮಾತಾಡ್ತಾರೆ. ಅದು ಇವ್ಳಿಗೇ ಒಳ್ಳೇದಲ್ಲ.”

ನಮ್ಮ ಕಡೆ ತಾಳಿಯ ಮೊದಲ ಗಂಟು ಗಂಡು ಹಾಕುತ್ತಾನೆ. ಉಳಿದ ಎರಡು ಗಂಟು ಅವನ ತಂಗಿಯದ್ದು. ಅವಳು ಹಾಕದೆ ಮದುವೆ ಪೂರ್ತಿಯಾಗುವುದಿಲ್ಲ.

ಒಳಗೆ ಅವ್ವ ಪಾತ್ರೆ ಕುಕ್ಕಿದಳು. “ಹೊಟ್ಟೆ ಉರಿಸಾಕೆ ಅಂತ್ಲೇ ಹುಡ್ಕಂಡು ಬತ್ತಾರೆ,” ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

ಅಜ್ಜಿ ಅತ್ತೆಯ ಮುಖ ನೋಡಿದಳು. ಅತ್ತೆ ಕಂಬಕ್ಕೆ ಒರಗಿ ನಿಂತೇ ಕೇಳಿದಳು, “ಯಾವ ಸೀರೆ ಉಟ್ಕಂಡು ಬರಾದುಂಗ?”

ಮದುವೆ ಮುಂಜಾನೆ ಇತ್ತು. ನಾವು ಹಿಂದಿನ ದಿನವೇ ಹೋಗಿದ್ದೆವು. ಅತ್ತೆ ಹುಡುಗಿಯ ಹಿಂದೆ ದೀಪ ಹಿಡಿದು ನಿಂತಳು. ನಾನು ಅತ್ತೆಯ ಸೆರಗು ಹಿಡಿದು ನಿಂತೆ. ಗಂಧ, ಅರಿಶಿನ, ಹೊಗೆ, ಹೊಸ ಬಟ್ಟೆಯ ಗಂಜಿಯ ವಾಸನೆ. ಗಟ್ಟಿಮೇಳ ಎಂದರು. ದೊರೆಸಾಮಿ ಚಿಕ್ಕಪ್ಪ ಬಗ್ಗಿ ಒಂದು ಗಂಟು ಹಾಕಿ ಕೈ ತೆಗೆದ. ಅತ್ತೆ ದೀಪವನ್ನು ನನ್ನ ಕೈಗೆ ಕೊಟ್ಟು, ಹುಡುಗಿಯ ಜಡೆಯನ್ನು ಬದಿಗೆ ಸರಿಸಿ, ಎರಡನೆಯ ಗಂಟು ಹಾಕಿದಳು. ಮೂರನೆಯದು ಹಾಕಿದಳು. ಎಳೆದು ಗಟ್ಟಿಯಾಗಿದೆಯೇ ಎಂದು ನೋಡಿದಳು. ಗಂಟಿನ ಮೇಲೆ ಕುಂಕುಮ ಒತ್ತಿದಳು. ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ನಾನು ಕುಳ್ಳಗಿದ್ದುದರಿಂದ ಅವನ ಬಗ್ಗಿದ ಮುಖ ನನಗೆ ಮಾತ್ರ ಕಂಡಿತೋ ಏನೋ.

ದೀಪ ನನ್ನ ಕೈಯಿಂದ ತೆಗೆದುಕೊಳ್ಳುತ್ತಾ ಅತ್ತೆ ಹೇಳಿದಳು, “ಎಣ್ಣೆ ಚೆಲ್ತಾ ಇದೆ ನೋಡು, ಹೊಸ ಲಂಗ.”

ತಂಗಿಗೆ ಅಣ್ಣ ಕೊಡಬೇಕಾದ ಸೀರೆಯನ್ನು ಅವನು ತಟ್ಟೆಯಲ್ಲಿಟ್ಟು ಕೊಟ್ಟ. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಆ ಸೀರೆಯನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ. ಹೊಲಕ್ಕೂ ಸಂತೆಗೂ ಉಟ್ಟು, ಹರಿದ ಮೇಲೆ ಎಮ್ಮೆಕರುವಿಗೆ ಹಾಸಿದಳು. ಎರಡು ವರ್ಷದ ಮೇಲೆ ಅವಳನ್ನು ಧಾರಾಪುರದ ಕಡೆ, ಮೊದಲ ಹೆಂಡತಿ ತೀರಿಕೊಂಡಿದ್ದ ಒಬ್ಬರಿಗೆ ಕೊಟ್ಟರು. ಆ ಮದುವೆಗೆ ಅಣ್ಣನ ಸೀರಿನ, ಅಂದರೆ ತವರಿನ ಉಡುಗೊರೆಯ, ತಟ್ಟೆ ಹೊತ್ತು ಬಂದವರಲ್ಲಿ ಅಯ್ಯನ ಪಕ್ಕದಲ್ಲಿ ಅವನೂ ಇದ್ದ.

ಈಗ ಆ ಹೊಲ ನಮ್ಮದಲ್ಲ. ಸುತ್ತ ಗಾಳಿಯಂತ್ರಗಳು ಬಂದಿವೆ. ಕಲ್ಲಿಗೆ ಟೈಲ್ಸ್ ಹಾಕಿದ ಸಣ್ಣ ಗುಡಿ ಕಟ್ಟಿದ್ದಾರೆ. ಅಮ್ಮನಿಗೆ ರೇಷ್ಮೆ ಸೀರೆ, ಯಾರು ಬೇಕಾದರೂ ಮುಟ್ಟಬಹುದು. ಮುಟ್ಟಲು ಬರುವವರು ಕಡಿಮೆ. ಅಜ್ಜಿ, ಅಯ್ಯ, ಅವ್ವ ಇಲ್ಲ. ದೊರೆಸಾಮಿ ಚಿಕ್ಕಪ್ಪ ಹೋದ ವರ್ಷ ಹೋದರು. ಅವರ ಮಕ್ಕಳಿಗೆ ನಾವು ಯಾರೆಂದು ಬಿಡಿಸಿ ಹೇಳಬೇಕು. ನನ್ನ ಮಗನ ಮದುವೆಯ ಮಾತುಕತೆಯಲ್ಲಿ ಎರಡೂ ಕಡೆಯವರು ಕೆಲಸ ಕೇಳಿದರು, ಫ್ಲ್ಯಾಟು ಕೇಳಿದರು, ಮನೆತನದ ಹೆಸರು ಯಾರೂ ಕೇಳಲಿಲ್ಲ. ನಾನು ಈ ಕತೆ ಹೇಳಿದಾಗ ಅವನು, “ಎಷ್ಟೋ ನೂರು ವರ್ಷದ ಹಿಂದೆ ಯಾರೋ ಗಂಡ ಹೆಂಡತಿ ಸತ್ತಿದ್ದಕ್ಕೆ ಇವ್ರ ಮದುವೆ ಯಾಕಮ್ಮ ನಿಲ್ಬೇಕಿತ್ತು?” ಎಂದ. ನಿಲ್ಲಬೇಕಿತ್ತು ಎಂದು ನಾನು ಹೇಳಲಾರೆ, ನಿಲ್ಲಬೇಕಿರಲಿಲ್ಲ ಎಂದೂ ಹೇಳಲಾರೆ. ಅಷ್ಟು ದೂರದ ಒಬ್ಬ ಹೆಂಗಸನ್ನು ತಾಯಿ ಎಂದು ಒಪ್ಪಿಕೊಂಡು, ಅದರ ಬೆಲೆಯನ್ನು ಮನೆಯ ಮಗಳೊಬ್ಬಳು ತೆರುವ ಕಾಲ ಹೋಯಿತು. ಒಳ್ಳೆಯದೇ ಆಯಿತು. ಆದರೆ ನೀರು ಕೇಳಿದವನಿಗೆ ಚೊಂಬು ಕೊಟ್ಟು, ಇನ್ನು ಮೇಲೆ ಇವನು ನನ್ನ ಅಣ್ಣ ಎಂದು ಬದುಕಿನ ಕೊನೆಯವರೆಗೆ ಹಾಗೇ ನಡೆದುಕೊಳ್ಳುವವರೂ ಅದರ ಜೊತೆಗೇ ಹೋದರು.

ಸರೋಜತ್ತೆ ಧಾರಾಪುರದಲ್ಲೇ ಇದ್ದಾಳೆ. ಒಮ್ಮೆ ಕೇಳಿದೆ, ಅವತ್ತು ಕಲ್ಲು ತೊಳೆಯದೆ ಇದ್ದಿದ್ದರೆ? ಅವಳು ಸೊಪ್ಪು ಸೋಸುತ್ತಿದ್ದಳು. “ಯಾರಾದ್ರೂ ತೊಳೀಲೇ ಬೇಕಿತ್ತಲ್ಲ, ಎಷ್ಟು ಮಸಿ,” ಎಂದಳು.

ಆ ವರ್ಷ ದೊರೆಸಾಮಿ ಚಿಕ್ಕಪ್ಪನ ಮದುವೆ ಮುಗಿಸಿ ನಾವು ಊರು ಸೇರಿದಾಗ ಇನ್ನೂ ಬೆಳಕಿತ್ತು. ಮದುವೆಮನೆಯ ಒಪ್ಪುಟ್ಟು ತಿಂದ ಹೊಟ್ಟೆ, ಯಾರಿಗೂ ದೊಡ್ಡ ಅಡುಗೆ ಬೇಕಿರಲಿಲ್ಲ. ಅವ್ವ ಒಂದೇ ಪಾತ್ರೆಯಲ್ಲಿ ಅಕ್ಕಿ, ತೊಗರಿಬೇಳೆ, ಸಣ್ಣ ಈರುಳ್ಳಿ ಹಾಕಿ ಅನ್ನ ಮಾಡಿದಳು. ಮೇಲೆ ತುಪ್ಪ, ಸುಟ್ಟ ಬದನೆಕಾಯಿ, ಮಜ್ಜಿಗೆ. ಎಲ್ಲರೂ ಅಡುಗೆಮನೆಯಲ್ಲೇ ಕೂತು ಉಂಡೆವು. ಅತ್ತೆ ಎರಡು ಸಲ ಹಾಕಿಸಿಕೊಂಡಳು. ತಟ್ಟೆ ತೊಳೆದಿಟ್ಟು, ತಿಣ್ಣೆಯ ಮೇಲೆ ಚಾಪೆ ಹಾಸಿ, ನಾನು ಪಕ್ಕಕ್ಕೆ ಹೋಗುವ ಮುಂಚೆಯೇ ಗೋಡೆಯ ಕಡೆ ತಿರುಗಿ ಮಲಗಿದಳು. ಮನೆಯಲ್ಲಿ ಅವತ್ತು ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವಳೇ.